ಕಂಪ್ಯೂಟರ್ ಫಾರ್ಮ್ಯಾಟ್‌ಗೆ ಕೊಡುವವರೇ, "ಫುಲ್ ಬ್ಯಾಕಪ್ ಆಗಿದೆ" ಎಂಬ ಮಾತನ್ನು ನಂಬಬೇಡಿ

ದಾವಣಗೆರೆಯವರು, ಬೇರೆ ಊರಿನವರು, ಯಾರೇ ಆಗಲಿ ಇದನ್ನು ದಯವಿಟ್ಟು ಪೂರ್ತಿ ಓದಿ. ಬರೆಯುವಾಗಲೂ ಸಿಟ್ಟು ತಡೆಯಲು ಆಗುತ್ತಿಲ್ಲ.

ನಾನು ಮನೆಯಲ್ಲೇ ಕೂತು ಕೆಲವು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್, ಜಿಎಸ್‌ಟಿ ರಿಟರ್ನ್ಸ್, ಇದೇ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತಲ್ಲ, ಸಿಸ್ಟಮ್ ಕೂಡ ಸ್ಲೋ ಆಗಿತ್ತು. ವಿಂಡೋಸ್ 11 ಹಾಕಿಸೋಣ ಎಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಕೊಟ್ಟೆ. ಜೊತೆಗೆ ನನ್ನದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಟ್ಟು ಬಿಡಿಸಿ ಹೇಳಿದೆ. "ಬರೀ ಫೈಲ್ ಕಾಪಿ ಬೇಡ. ಸಿ ಡ್ರೈವ್ ಪೂರ್ತಿ ಸಿಸ್ಟಮ್ ಇಮೇಜ್ ತೆಗೆದು ಇದಕ್ಕೆ ಹಾಕಿ, ಆಮೇಲೆ ಫಾರ್ಮ್ಯಾಟ್ ಹೊಡೀರಿ." ಸಿಸ್ಟಮ್ ಇಮೇಜ್ ಎಂದರೆ ಇಡೀ ಡ್ರೈವ್‌ನ ಪಡಿಯಚ್ಚು. ಚೀಟಿಯಲ್ಲಿ ಬರೆದೂ ಕೊಟ್ಟೆ. "ಆಯ್ತು ಮೇಡಂ, ದಿನಾ ಮಾಡೋ ಕೆಲಸ" ಎಂದರು. ಬ್ಯಾಕಪ್‌ಗೇ ಬೇರೆಯಾಗಿ 800 ರೂಪಾಯಿ ತಗೊಂಡರು. ಬೇರೆಯಾಗಿ!

ಮನೆಗೆ ತಂದು ಹಾರ್ಡ್ ಡಿಸ್ಕ್ ಹಾಕಿ ನೋಡಿದರೆ ಒಂದೇ ಫೋಲ್ಡರ್. ಒಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್. ಅಷ್ಟೇ. ಪ್ರಾಪರ್ಟೀಸ್ ತೆರೆದೆ, 11 ಜಿಬಿ. ನನ್ನ ಸಿ ಡ್ರೈವ್‌ನಲ್ಲಿ 140 ಜಿಬಿ ತುಂಬಿತ್ತು! ಡೆಸ್ಕ್‌ಟಾಪ್ ಫೋಲ್ಡರ್‌ನಲ್ಲಿ ಟ್ಯಾಲಿಯ ಹೆಸರು ಕಂಡಾಗ ಒಂದು ಕ್ಷಣ ಜೀವ ಬಂತು. ಕ್ಲಿಕ್ ಮಾಡಿದರೆ ಅದು ಬರೀ ಶಾರ್ಟ್‌ಕಟ್, ಅಂದರೆ ಪ್ರೋಗ್ರಾಮ್ ತೆರೆಯುವ ಕೊಂಡಿ ಮಾತ್ರ. ಬಿಳಿ ಕಾಗದದಂಥ ಐಕಾನ್, ಫೈಲ್ ಸಿಗುತ್ತಿಲ್ಲ ಎಂಬ ಸಂದೇಶ. ಶಾರ್ಟ್‌ಕಟ್ ಕಾಪಿ ಮಾಡಿ ಬ್ಯಾಕಪ್ ಅಂತ ದುಡ್ಡು ತಗೊಂಡಿದ್ದಾರೆ.

ಟ್ಯಾಲಿಪ್ರೈಮ್‌ನ ಡೇಟಾ ನಾವು ಜಾಗ ಬದಲಾಯಿಸದಿದ್ದರೆ ಸಿ ಡ್ರೈವ್‌ನ ಯೂಸರ್ಸ್ ಒಳಗೆ ಪಬ್ಲಿಕ್ ಎಂಬ ಫೋಲ್ಡರ್‌ನಲ್ಲಿ ಇರುತ್ತದೆ. ಆ ಫೋಲ್ಡರನ್ನು ಅವರು ಮುಟ್ಟೇ ಇಲ್ಲ. ಅದಕ್ಕೇ ಅಲ್ವಾ ಪೂರ್ತಿ ಇಮೇಜ್ ಕೇಳಿದ್ದು? ಇಮೇಜ್ ಇದ್ದರೆ ಯಾವ ಮೂಲೆಯಲ್ಲಿ ಏನಿತ್ತು ಎಂದು ನೆನಪಿಡುವ ಅಗತ್ಯವೇ ಇಲ್ಲ. ವಿಂಡೋಸ್, ಪ್ರೋಗ್ರಾಮ್‌ಗಳು, ಡೇಟಾ, ಎಲ್ಲ ಇದ್ದ ಹಾಗೇ ವಾಪಸ್ ಬರುತ್ತದೆ.

ಫೋನ್ ಮಾಡಿದೆ. ಅಂಗಡಿ ಹುಡುಗನ ಉತ್ತರ ಕೇಳಿ: "ಡೇಟಾ ಯಾವಾಗ್ಲೂ ಡಿ ಡ್ರೈವ್‌ನಲ್ಲಿ ಇಟ್ಕೋಬೇಕು ಮೇಡಂ." ಚೀಟಿ ಕೊಟ್ಟಿದ್ದೆನಲ್ಲಪ್ಪಾ ಎಂದರೆ "ಯಾವ ಚೀಟಿ?" ನಾನೇ ಅಂಗಡಿಗೆ ಹೋದೆ. ಚೀಟಿ ಅವರ ಕೌಂಟರ್ ಮೇಲೇ, ಬಿಲ್ ಬುಕ್ ಕೆಳಗೇ ಇತ್ತು. ಅದನ್ನು ತೆಗೆದು ಮುಂದೆ ಹಿಡಿದರೆ ಮಾಲೀಕರು ಬಿಲ್ಲಿನ ಹಿಂದಿನ ಸಣ್ಣ ಅಕ್ಷರ ತೋರಿಸಿದರು: ಡೇಟಾಗೆ ನಾವು ಜವಾಬ್ದಾರರಲ್ಲ. ಮತ್ತೆ 800 ಯಾಕೆ ತಗೊಂಡಿರಿ ಸ್ವಾಮಿ? ಅದಕ್ಕೆ ಉತ್ತರ ಇಲ್ಲ. "ರಿಕವರಿ ಮಾಡಿಸಿ ಕೊಡ್ತೀವಿ, 6000 ಆಗುತ್ತೆ, ಗ್ಯಾರಂಟಿ ಇಲ್ಲ" ಅಂತೆ. ಅವರೇ ಅಳಿಸಿದ್ದು, ಅವರಿಗೇ ಮತ್ತೆ ದುಡ್ಡು! ಬೇರೆ ಕಡೆ ವಿಚಾರಿಸಿದೆ. ಎಸ್‌ಎಸ್‌ಡಿಯಲ್ಲಿ (ಚಿಪ್‌ಗಳಿಂದ ಮಾಡಿದ ಹೊಸ ಬಗೆಯ ಡಿಸ್ಕ್) ಅಳಿಸಿದ್ದನ್ನು ಟ್ರಿಮ್ ಎಂಬ ವ್ಯವಸ್ಥೆ ಒಳಗೊಳಗೇ ಸ್ವಚ್ಛ ಮಾಡಿಬಿಡುತ್ತದೆ, ಸಿಗುವುದು ಕಷ್ಟ ಎಂದರು.

ಈಗ ಪ್ರತಿ ಅಂಗಡಿಗೂ ಹೋಗಿ "ಅಣ್ಣಾ, ಬಿಲ್ ಫೈಲ್ ಇನ್ನೊಂದ್ಸಲ ಕೊಡಿ" ಎಂದು ಕೇಳುತ್ತಿದ್ದೇನೆ. ಎಂಥ ನಾಚಿಕೆ ಅಂದರೆ ಹೇಳಲಾರೆ. ನನ್ನನ್ನು ನಂಬಿ ಲೆಕ್ಕ ಕೊಟ್ಟವರು ಅವರು. ಮಾರಾಟದ ಬಿಲ್ಲುಗಳು ಜಿಎಸ್‌ಟಿ ಪೋರ್ಟಲ್‌ನಿಂದ ಸ್ವಲ್ಪ ಮಟ್ಟಿಗೆ ಸಿಗುತ್ತವೆ, ಖರೀದಿ ಅದೇ ಪೋರ್ಟಲ್‌ನ 2ಬಿ ಎಂಬ ಪಟ್ಟಿಯಲ್ಲಿ ಸಿಗುತ್ತದೆ. ನಗದು ಖರ್ಚು ಎಲ್ಲಿಂದ ತರಲಿ? ಸ್ಟಾಕ್ ಎಲ್ಲಿಂದ ತರಲಿ?

ನೀವು ಫಾರ್ಮ್ಯಾಟ್‌ಗೆ ಕೊಟ್ಟರೆ ರಿಪೇರಿ ಅಂಗಡಿಯಲ್ಲೇ ಹಾರ್ಡ್ ಡಿಸ್ಕ್ ಹಾಕಿಸಿ ನೋಡಿ. ಅದೂ ಫಾರ್ಮ್ಯಾಟ್‌ಗೆ ಮೊದಲು, ಆಮೇಲಲ್ಲ. ವಿಂಡೋಸ್‌ನದೇ ಇಮೇಜ್ ಆದರೆ 'ವಿಂಡೋಸ್ ಇಮೇಜ್ ಬ್ಯಾಕಪ್' ಹೆಸರಿನ ಫೋಲ್ಡರ್ ಇರಬೇಕು, ಗಾತ್ರವೂ ಹತ್ತಾರು ಜಿಬಿ ಇರಬೇಕು. ಅದಕ್ಕಿಂತ ಮನೆಯಲ್ಲೇ ಮಾಡಿಕೊಳ್ಳಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬ್ಯಾಕಪ್ ಆಂಡ್ ರಿಸ್ಟೋರ್ ತೆರೆದರೆ ಎಡಗಡೆ ಸಿಸ್ಟಮ್ ಇಮೇಜ್ ಆಯ್ಕೆ ಇದೆ. ಹಾರ್ಡ್ ಡಿಸ್ಕ್ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್‌ನ ಫಾರ್ಮ್ಯಾಟ್ ಬಗೆ) ಆಗಿರಬೇಕು. ವಿಂಡೋಸ್ ಶುರುವಾಗದಿದ್ದರೆ ಕಂಪ್ಯೂಟರ್ ಎಬ್ಬಿಸಲು ಬೇರೆ ಪೆನ್ ಡ್ರೈವ್‌ನಲ್ಲಿ ರಿಕವರಿ ಡ್ರೈವ್ ಕೂಡ ಮಾಡಿಟ್ಟುಕೊಳ್ಳಿ. ಟ್ಯಾಲಿ ಬಳಸುವವರು ಟ್ಯಾಲಿ ಒಳಗಿನಿಂದಲೇ ಇನ್ನೊಂದು ಬ್ಯಾಕಪ್ ತೆಗೆಯಿರಿ.

ನಿನ್ನೆ ಮಾಲೀಕರೇ ಫೋನ್ ಮಾಡಿ "800 ವಾಪಸ್ ಕೊಡ್ತೀವಿ, ವಿಷಯ ಇಲ್ಲಿಗೇ ಬಿಡಿ ಮೇಡಂ" ಎಂದರು. ಬಿಡುವುದಿಲ್ಲ ಎಂದೆ. ಬಿಲ್ ಮತ್ತು ಚೀಟಿ ಎರಡರ ಫೋಟೋವೂ ನನ್ನ ಬಳಿ ಇದೆ, 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಾಗಿದೆ.