ಪುಲ್ಲಿಯೊಳಗಿನ ಕೀವೇ: ಲೇತ್, ಬ್ರೋಚ್, ಅರ

ಮಂಡ್ಯದ ಸುತ್ತಮುತ್ತ ಮನೆಯಲ್ಲೊಂದು ಲೇತ್ (ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರ) ಇಟ್ಟುಕೊಂಡವರಿಗೆ ಕೀವೇ ಕೆಲಸ ತಪ್ಪಿದ್ದಲ್ಲ. ಶಾಫ್ಟೂ ಅದರ ಮೇಲಿನ ಪುಲ್ಲಿಯೂ ಒಟ್ಟಿಗೆ ತಿರುಗುವಂತೆ ನಡುವೆ ಕೂರಿಸುವ ಲೋಹದ ತುಂಡೇ ಕೀ; ಅದಕ್ಕಾಗಿ ಎರಡರಲ್ಲೂ ಕೊರೆಯುವ ಗಾಡಿ ಕೀವೇ. ಆಲೆಮನೆಯ ಗಾಣದಲ್ಲಿ ಕಬ್ಬು ಸಿಕ್ಕಿಕೊಂಡರೆ ರೋಲರನ್ನು ಹಿಂದಕ್ಕೆ ತಿರುಗಿಸಿ ಬಿಡಿಸುತ್ತಾರೆ. ಕೀ ಸ್ವಲ್ಪ ಸಡಿಲವಿದ್ದರೂ ಸಾಕು, ಹಿಂದೆ ಮುಂದೆ ಬಡಿದು ಕೀವೇಯ ಗೋಡೆಗಳನ್ನೇ ಅಗಲಿಸುತ್ತದೆ. ಆದ್ದರಿಂದ ಯಾವ ವಿಧಾನವನ್ನು ನೋಡಿದರೂ ನಾನು ಮೊದಲು ಕೇಳುವುದು ಇಷ್ಟೇ: ಕೀಯ ಎರಡು ಪಕ್ಕಗಳೂ ಸಂದಿಲ್ಲದೆ ಕೂರುತ್ತವೆಯೇ?

25 ಮಿ.ಮೀ. ಶಾಫ್ಟನ್ನೇ ತೆಗೆದುಕೊಳ್ಳೋಣ. ಅದಕ್ಕೆ 8 ಮಿ.ಮೀ. ಅಗಲ, 7 ಮಿ.ಮೀ. ಎತ್ತರದ ಕೀ. ಶಾಫ್ಟಿನಲ್ಲಿ 4, ಪುಲ್ಲಿಯಲ್ಲಿ 3.3 ಮಿ.ಮೀ. ಆಳ. ಕೀಯ ತಲೆಯ ಮೇಲೆ ಉಳಿಯುವ 0.3 ಮಿ.ಮೀ. ಬೇಕೆಂದೇ ಬಿಟ್ಟದ್ದು; ಎತ್ತರದ ಕೀ ಹಾಕಿ ಅದನ್ನು ತುಂಬಿದರೆ ಪುಲ್ಲಿ ಒಂದು ಬದಿಗೆ ತಳ್ಳಲ್ಪಟ್ಟು ಓಲಾಡುತ್ತದೆ. ಆಳವನ್ನು ಕೀವೇಯ ಅಂಚಿನಿಂದ ಅಳೆಯಬಾರದು. ದುಂಡು ಮೈಯಲ್ಲಿ ಅಂಚು ಸುಮಾರು 0.66 ಮಿ.ಮೀ. ಕೆಳಗಿರುತ್ತದೆ, ಅಷ್ಟೂ ಹೆಚ್ಚಾಗಿ ಕೊರೆದಂತಾಗುತ್ತದೆ. ಶಾಫ್ಟಿನ ಎದುರು ಬದಿಯಿಂದ ಕೀವೇಯ ತಳಕ್ಕೆ 21 ಮಿ.ಮೀ. ಬಂದರೆ ಸರಿ.

ಶಾಫ್ಟಿನ ಕೆಲಸಕ್ಕೆ ಎರಡು ಕಟರ್‌ಗಳನ್ನು ಬಳಸಿ ನೋಡಿದ್ದೇನೆ. ಚಕ್ರದಂಥ ಸೈಡ್ ಅಂಡ್ ಫೇಸ್ ಕಟರ್ ವೇಗವಾಗಿ ಕತ್ತರಿಸುತ್ತದೆ, ಅಗಲವೂ ನಿಖರ. ಆದರೆ 75 ಮಿ.ಮೀ. ಕಟರ್ 4 ಮಿ.ಮೀ. ಆಳಕ್ಕಿಳಿದರೆ ತುದಿಯಲ್ಲಿ ಸುಮಾರು 17 ಮಿ.ಮೀ. ಉದ್ದದ ಇಳಿಜಾರು ಬಾಲ ಉಳಿಯುತ್ತದೆ. ಶಾಫ್ಟಿನಲ್ಲಿ ಮೆಟ್ಟಿಲಿದ್ದರೆ (ದಪ್ಪ ಬದಲಾಗುವ ಜಾಗ) ಅದರ ಹತ್ತಿರಕ್ಕೂ ಹೋಗಲಾಗದು. ನನ್ನ ಆಯ್ಕೆ ಎರಡು ಹಲ್ಲಿನ ಎಂಡ್ ಮಿಲ್, ತುದಿಯಲ್ಲೂ ಪಕ್ಕದಲ್ಲೂ ಕತ್ತರಿಸುವ ಕಡ್ಡಿಯಂಥ ಕಟರ್. 8 ಮಿ.ಮೀ. ಕಟರನ್ನು ನೇರವಾಗಿ ಇಳಿಸಿದರೆ ಅದು ಒಂದು ಕಡೆಗೆ ವಾಲಿ ಕೀವೇ ಅಗಲವಾಗುತ್ತದೆ. 6 ಮಿ.ಮೀ. ಕಟರಿನಿಂದ ನಡುವೆ ಪೂರ್ತಿ ಆಳ ತೆಗೆದು, ಆಮೇಲೆ ಒಂದೊಂದು ಪಕ್ಕವನ್ನೂ ಕೀ ಇಟ್ಟು ನೋಡುತ್ತಾ ತೆಳುವಾಗಿ ಸವರಬೇಕು. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಕೂರುವ ಬಿಗಿ ನಮ್ಮ ಕೈಯಲ್ಲಿರುತ್ತದೆ.

ನಿಜವಾದ ಪೈಪೋಟಿ ಪುಲ್ಲಿಯ ಒಳಗೆ. ಪ್ರೆಸ್‌ನಲ್ಲಿ ಒತ್ತುವ ಬ್ರೋಚ್ (ಸಾಲು ಹಲ್ಲಿನ ಪಟ್ಟಿ) ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ: ಹಿಂದೆ ಶಿಮ್ (ತೆಳು ತಗಡು) ಸೇರಿಸುತ್ತಾ ಕೆಲವು ಸಲ ತಳ್ಳಿದರೆ ನುಣುಪಾದ, ನೇರವಾದ ಕೀವೇ ಸಿದ್ಧ. ತೊಡಕೆಂದರೆ ಬುಷ್, ಪುಲ್ಲಿಯ ನಡುವಿನ ತೂತಿನಲ್ಲಿ (ಬೋರ್) ಕೂತು ಬ್ರೋಚನ್ನು ನೇರವಾಗಿ ನಡೆಸುವ ತುಂಡು. ಬೋರ್‌ಗೆ ಸರಿಯಾಗಿ ಹೊಂದುವ ಬುಷ್ ಇಲ್ಲದಿದ್ದರೆ ಅದನ್ನು ಮೊದಲು ಲೇತ್‌ನಲ್ಲಿ ಮಾಡಿಕೊಳ್ಳಬೇಕು. ಹಳೆಯ ಗಾಣಗಳ ಬೋರ್ ಸವೆದು ವಿಚಿತ್ರ ಅಳತೆಗೆ ಬಂದಿರುತ್ತದೆ. ಒಂದೇ ಅಳತೆಯ ಹಲವು ಪುಲ್ಲಿಗಳಿದ್ದರೆ ಮಾತ್ರ ನಾನು ಬ್ರೋಚ್ ಕಡೆ ಹೋಗುತ್ತೇನೆ.

ಒಂದೇ ಪುಲ್ಲಿಯಾದರೆ ಲೇತನ್ನೇ ಶೇಪರಿನಂತೆ (ಟೂಲ್ ಹಿಂದೆ ಮುಂದೆ ಓಡಿ ಕೊರೆಯುವ ಯಂತ್ರ) ನಡೆಸುವುದು ನನಗೆ ಅತ್ಯಂತ ಹಿಡಿಸಿದ ದಾರಿ. ಕರೆಂಟಿನ ಪ್ಲಗ್ ಕಿತ್ತು, ಪುಲ್ಲಿಯನ್ನು ತಿರುಗಿಸುವ ಸ್ಪಿಂಡಲ್ ಅಲುಗದಂತೆ ಬಂಧಿಸಿ, ಗಟ್ಟಿಯಾದ ಬೋರಿಂಗ್ ಬಾರ್‌ಗೆ ಎಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಟೂಲ್ ಕಟ್ಟಿ, ಟೂಲನ್ನು ಹೊತ್ತ ಕ್ಯಾರೇಜನ್ನು ಕೈಯಿಂದ ತಳ್ಳುವುದು. ಒಂದು ಸಲ ತಳ್ಳುವಾಗ ಆಳ 0.05 ಮಿ.ಮೀ. ಮೀರಬಾರದು, ಮೀರಿದರೆ ಬಾರ್ ಬಾಗಿ ತಳ ಇಳಿಜಾರಾಗುತ್ತದೆ. ಹಿಂದಕ್ಕೆ ಬರುವಾಗ ಕ್ರಾಸ್ ಸ್ಲೈಡ್ (ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ) ಸರಿಸಿ ಟೂಲನ್ನು ಬಿಡಿಸಿಕೊಂಡರೆ ಅದರ ಅಂಚು ಉಳಿಯುತ್ತದೆ. ಟೂಲ್ ಸರಿಯಾಗಿ ಸೆಂಟರ್ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಕೀವೇ ಬೋರಿನ ನಡುಗೆರೆಯಿಂದ ಸರಿದುಹೋಗುತ್ತದೆ. ಕೊನೆಯ ಅಳತೆಗೆ ಬಂದ ಮೇಲೂ ಆಳ ಹೆಚ್ಚಿಸದೆ ಕೆಲವು ಸಲ ಓಡಿಸಿ, ಬಾಗಿದ್ದ ಬಾರ್ ಇನ್ನೂ ಸ್ವಲ್ಪ ಲೋಹ ತೆಗೆಯುತ್ತದೆ. 25 ಮಿ.ಮೀ. ಬೋರಿನಲ್ಲಿ ಎದುರು ಗೋಡೆಯಿಂದ ಕೀವೇಯ ತಳಕ್ಕೆ 28.3 ಮಿ.ಮೀ. ಬಂದಾಗ ನಿಲ್ಲಿಸಬಹುದು. ಎರಕದ ಕಬ್ಬಿಣದ ಪುಲ್ಲಿ ಒಣಗಿದ್ದಾಗಲೇ ಸೊಗಸಾಗಿ ಕತ್ತರಿಸಿಕೊಳ್ಳುತ್ತದೆ, ಉಕ್ಕಿಗೆ ಎಣ್ಣೆ ಬೇಕು. ಬೋರ್ ಆಚೆ ಬದಿಗೆ ತೆರೆದಿಲ್ಲದಿದ್ದರೆ ಕೀವೇ ಮುಗಿಯುವಲ್ಲಿ ಮೊದಲೇ ಒಂದು ತೂತು ಕೊರೆದು ಟೂಲಿಗೆ ಜಾಗ ಮಾಡಿಕೊಡಬೇಕು.

ಅರದಿಂದ ಉಜ್ಜಿ ಮಾಡುವುದೂ ಸಾಧ್ಯ, ಆದರೆ ಗೋಡೆಗಳು ದುಂಡಾಗುತ್ತವೆ. ತಿರುಗುವ ಹೊರೆ ಕಡಿಮೆಯಿರುವ ಸಣ್ಣ ಫ್ಯಾನಿಗೆ ಸರಿ, ಗಾಣಕ್ಕೆ ಬೇಡವೇ ಬೇಡ. ಮೈಸೂರಿಗೆ ಕೊಂಡೊಯ್ದು ಸ್ಲಾಟಿಂಗ್ ಯಂತ್ರದಲ್ಲಿ ಮಾಡಿಸುವುದು ದೊಡ್ಡ ಗೇರುಗಳಿಗೆ ಸೂಕ್ತ, ಅವು ನಮ್ಮ ಲೇತಿನ ಹಿಡಿಕೆಯಾದ ಚಕ್‌ಗೇ ಹಿಡಿಯುವುದಿಲ್ಲ.

ಅರಕ್ಕೆ ನಾನು ಜಾಗ ಕೊಡುವುದು ಕೀಯನ್ನು ಕೂರಿಸುವಾಗ. ಎರಡೂ ಕೀವೇಗಳು ಮುಗಿದ ಮೇಲೆ, ಸ್ವಲ್ಪ ದಪ್ಪವಾಗಿ ಉಳಿಸಿಕೊಂಡ ಕೀಯ ಪಕ್ಕಗಳಿಗೆ ನೀಲಿ ಬಣ್ಣ ಹಚ್ಚಿ, ತಾಗಿದ ಗುರುತು ನೋಡಿ ಉಜ್ಜುತ್ತೇನೆ. ಶಾಫ್ಟಿನೊಳಗೆ ಅದು ತಾಮ್ರದ ಸುತ್ತಿಗೆಯ ಸಣ್ಣ ಪೆಟ್ಟಿಗೆ ಇಳಿಯಬೇಕು, ಪುಲ್ಲಿ ಕೈಯ ಒತ್ತಡಕ್ಕೆ ಜಾರಬೇಕು.