ಸ್ಟಾರ್ ಸ್ಟಿಕ್ಕರ್, ಸೀಲು, ಹುಣಸೆ ಬೀಜ: ನನ್ನ ಓಟು ಬೀಜಕ್ಕೆ

ಮಕ್ಕಳಿಂದ ಹೋಂವರ್ಕ್ ಮಾಡಿಸಲು ಈ ಮೂರನ್ನೂ ಆಸೆ ತೋರಿಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಹುಣಸೆ ಬೀಜ. ಖರ್ಚು ಸೊನ್ನೆ. ಸ್ಟಿಕ್ಕರಿಗೆ ಸುರಿದ 240 ರೂಪಾಯಿ ನನ್ನ ಕೈಯಿಂದ ಹೋಗಿದ್ದು. ಆ ಹೊಟ್ಟೆಯುರಿಯೂ ಈ ತೀರ್ಪಿನಲ್ಲಿ ಸ್ವಲ್ಪ ಸೇರಿದೆ.

ನಮ್ಮದು ಕೊಪ್ಪದ ಕಡೆಯ ಸರ್ಕಾರಿ ಶಾಲೆ. ನಾಲ್ಕು, ಐದು ಎರಡೂ ತರಗತಿ ಒಂದೇ ಕೋಣೆಯಲ್ಲಿ, ಒಟ್ಟು 22 ಮಕ್ಕಳು. ಮೂರನೇ ತರಗತಿವರೆಗೆ ನಲಿಕಲಿಯಲ್ಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿಯಲ್ಲಿ, ಕಾರ್ಡು ಹಿಡಿದು, ಅವರವರ ಮೆಟ್ಟಿಲು ಅವರವರೇ ಹತ್ತಿಕೊಂಡು ಬಂದವರು. ನಾಲ್ಕಕ್ಕೆ ಬಂದ ಕೂಡಲೇ ದಿನಾ ಹೋಂವರ್ಕ್: ಒಂದು ಪುಟ ಶುದ್ಧ ಬರಹ, ಒಂದು ಮಗ್ಗಿ. ಗುರುವಾರ ಉಕ್ತಲೇಖನ, ಹಾಗಾಗಿ ಬುಧವಾರ ಹತ್ತು ಪದ ಜಾಸ್ತಿ. ಬರೆಸಬೇಕಾದರೆ ಏನಾದರೂ ಆಸೆ ತೋರಿಸಬೇಕಲ್ವಾ?

ಜೂನ್‌ನಲ್ಲಿ ಸ್ಟಾರ್ ಚಾರ್ಟ್ ಹಾಕಿದೆ. ಹೋಂವರ್ಕ್ ತಂದವರ ಹೆಸರಿನ ಮುಂದೆ ಒಂದು ಸ್ಟಾರ್. ಮೊದಲ ವಾರ ಚೆಂದವಿತ್ತು. ಆಮೇಲೆ ಮಳೆ ಹಿಡಿಯಿತು.

ಮಲೆನಾಡಿನ ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಚಾರ್ಟು ಹಸಿ ಹಪ್ಪಳದ ಹಾಗೆ ಮೆತ್ತಗಾಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ನೆಲದ ಮೇಲೆ ಏಳೆಂಟು ಸ್ಟಾರ್. ಯಾರದ್ದು? "ನಂದು ಮಿಸ್." "ಇಲ್ಲ ಮಿಸ್, ಅವಳದ್ದು ನಿನ್ನೆನೇ ಬಿದ್ದಿತ್ತು, ಇದು ನಂದು." ಹಾಜರಿ ಕರೆಯುವ ಮೊದಲೇ ಕೋರ್ಟು ಶುರು. ಸಾಕ್ಷಿಗಳೂ ರೆಡಿ. ಮೊದಲ ಪಿರಿಯಡ್ಡಿನ ಕಾಲು ಗಂಟೆ ದಿನಾ ಇದಕ್ಕೇ ಹೋಯಿತು.

ಗೋಂದು ಹಚ್ಚಿದೆ. ರಾತ್ರಿ ಜಿರಲೆಗೆ ಊಟವಾಯಿತು. ಕೊನೆಗೆ ಯಾರಿಗೆ ಎಷ್ಟು ಸ್ಟಾರ್ ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟೆ. "ಪುಸ್ತಕದಲ್ಲಿ ಬರೀತೀರಾದ್ರೆ ಚಾರ್ಟ್ ಯಾಕೆ ಮೇಡಂ?" ಅಂದರು ಹೆಡ್‌ಮೇಷ್ಟ್ರು. ಉತ್ತರ ಇರಲಿಲ್ಲ.

ಒಬ್ಬ ಹುಡುಗನ ಸಾಲು ಮಾತ್ರ ಖಾಲಿ. ಮಳೆಗೆ ಕರೆಂಟು ಹೋದರೆ ನಾಲ್ಕು ದಿನ ಬಾರದ ಮನೆ ಅವನದು. ಒಂದು ಬೆಳಿಗ್ಗೆ ಬಿದ್ದ ಸ್ಟಾರ್ ಎತ್ತಿ ಹಣೆಗೆ ಅಂಟಿಸಿಕೊಂಡು ಕೂತಿದ್ದ. ಎಲ್ಲರ ಜೊತೆ ನಾನೂ ನಕ್ಕೆ. ಮಧ್ಯಾಹ್ನ ಚಾರ್ಟು ಸುತ್ತಿ ಬೀರುವಿನಲ್ಲಿಟ್ಟೆ.

'ಶಹಬ್ಬಾಸ್' ಸೀಲು ಎರಡು ವಾರ ನಡೆಯಿತು. ಪುಸ್ತಕಕ್ಕಿಂತ ಯೂನಿಫಾರ್ಮ್ ಮೇಲೆ ಜಾಸ್ತಿ ಶಹಬ್ಬಾಸ್ ಬಿತ್ತು. ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಅನ್ನೋಣವೆಂದರೆ, ನಮ್ಮಲ್ಲಿ ನೆಟ್‌ವರ್ಕಿಗೆ ಗುಡ್ಡ ಹತ್ತಬೇಕು.

ಬೀಜದ ಯೋಚನೆ ಬಂದದ್ದು ಅಡುಗೆಮನೆಯಲ್ಲಿ. ತುಮಕೂರು ಕಡೆ ಇರುವ ಅಕ್ಕ ವರ್ಷಕ್ಕೊಮ್ಮೆ ಹುಣಸೆಹಣ್ಣು ಕಳಿಸುತ್ತಾಳೆ. ಬೀಜ ತೊಳೆದು, ಒಲೆ ಪಕ್ಕ ಒಣಗಿಸಿ ಶಾಲೆಗೆ ಒಯ್ದೆ. ತೊಳೆಯದಿದ್ದರೆ ಇರುವೆ ಗ್ಯಾರಂಟಿ. ಹೋಂವರ್ಕ್ ತಂದವರು ಹಾರ್ಲಿಕ್ಸ್ ಬಾಟಲಿಗೆ ಒಂದು ಬೀಜ ಹಾಕಬೇಕು. ಹೆಸರಿಲ್ಲ, ಸಾಲಿಲ್ಲ, ಎಲ್ಲರದ್ದೂ ಒಂದೇ ಬಾಟಲಿ. ಐದು ದಿನಕ್ಕೆ ಹೆಚ್ಚೆಂದರೆ 110 ಬೀಳಬಹುದು. 90 ದಾಟಿದರೆ ಶನಿವಾರ ಕೊನೆಯ ಪಿರಿಯಡ್ಡು ಚೌಕಾಬಾರ ಆಟ. ಮಳೆಗೆ ರಜೆ ಕೊಟ್ಟರೆ ಬಾಟಲಿ ಹಾಗೇ ಮುಂದಿನ ವಾರಕ್ಕೆ.

ತಕರಾರು ಇಲ್ಲ ಅಂತಲ್ಲ. ಮೂರನೇ ವಾರ ಬುಧವಾರಕ್ಕೇ 90 ದಾಟಿತು. ಇರುವುದೇ 22 ಜನ! ಯಾರೋ ಮನೆಯಿಂದ ಜೇಬು ತುಂಬ ಬೀಜ ತಂದಿದ್ದರು. ಅದಕ್ಕೇ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಸಿದೆ. ಚೌಕಾಬಾರದಲ್ಲಿ ದಾಳದ ಹಾಗೆ ಉರುಳಿಸಲು ಹೇಗೂ ಅಂಥವೇ ನಾಲ್ಕು ಬೇಕು: ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಉಜ್ಜಿದ ಬೀಜ ನನ್ನ ಡಬ್ಬಿಯಲ್ಲಿ ಮಾತ್ರ. ಆದರೂ ಒಬ್ಬಳು ಮನೆಯಲ್ಲಿ ಆರು ಬೀಜ ಉಜ್ಜಿಕೊಂಡು ಬಂದಳು. ಅಷ್ಟು ಹೊತ್ತಿಗೆ ಏಳರ ಮಗ್ಗಿ ಬರೆದು ಮುಗಿಸಬಹುದಿತ್ತು ಮಹಾರಾಯಿತಿ.

ದಿನಾ ಬರೆಯುವವರಿಗೆ ಸಿಟ್ಟಿದೆ. "ನಾವು ಬರೆಯೋದು, ಅವನಿಗೂ ಆಟನಾ?" ಅಂತ ಕೇಳುತ್ತಾರೆ. ನ್ಯಾಯವೇ. ಆದರೆ ಹಣೆಗೆ ಸ್ಟಾರ್ ಹಚ್ಚಿಕೊಂಡವನನ್ನು ಈಗ ಊಟದ ಬಿಡುವಿನಲ್ಲಿ ಅವರೇ ಕೂರಿಸಿಕೊಂಡು ಬರೆಸುತ್ತಾರೆ, ಒಂದು ಬೀಜದ ಆಸೆಗೆ. ವಾರಕ್ಕೆ ಮೂರು ಬೀಜವಾದರೂ ಅವನ ಕೈಯಿಂದ ಬೀಳುತ್ತಿದೆ. ಶುಕ್ರವಾರ ಬಾಟಲಿ ಸುರಿದು ಹತ್ತರ ಗುಡ್ಡೆ ಮಾಡಿ ಎಣಿಸುವುದು ಅವರೇ, ಎಷ್ಟು ಕಮ್ಮಿ ಅಂತ ಕಳೆಯುವುದೂ ಅವರೇ. ಲೆಕ್ಕದ ಪಾಠ ಬಿಟ್ಟಿ.

ನನಗೆ ಪುಸ್ತಕ ಇಟ್ಟು ಲೆಕ್ಕ ಬರೆಯುವ ತಾಳ್ಮೆ ಇಲ್ಲ, ಎರಡು ತರಗತಿ ನಡೆಸುವಾಗ ಹೊತ್ತೂ ಇಲ್ಲ. ಒಂದೇ ತರಗತಿ, ಒಣ ಗೋಡೆ ಇರುವವರಿಗೆ ಸ್ಟಾರ್ ನಡೆಯಬಹುದು.

ನನ್ನ ಬೀರುವಿನಲ್ಲಿ ಇನ್ನೂ ಎರಡು ಹಾಳೆ ಸ್ಟಿಕ್ಕರ್ ಉಳಿದಿದೆ. ಚೌಕಾಬಾರದ ಕಾಯಿಗೆ ಅಂಟಿಸೋಣ ಮಿಸ್ ಅಂತ ಕೇಳುತ್ತಿದ್ದಾರೆ. ಮಳೆ ನಿಲ್ಲಲಿ ಅಂದಿದ್ದೇನೆ.