ಆರ್‌ಸಿ, ಬ್ರೌನ್‌ಔಟ್, ಸೂಪರ್‌ವೈಸರ್: ತೋಟದ ಪಂಪ್ ಬೋರ್ಡಿಗೆ ಯಾವ ರಿಸೆಟ್ ಒಗ್ಗಿತು?

ನಮ್ಮ ಅಡಿಕೆ ತೋಟದ ಬೋರ್‌ವೆಲ್ ಮೋಟರಿಗೆ ನಾನೇ ಒಂದು ಕಂಟ್ರೋಲರ್ ಬೋರ್ಡ್ ಮಾಡಿದ್ದೆ. ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್ (ಪುಟ್ಟ ಕಂಪ್ಯೂಟರ್ ಇದ್ದಂತೆ), 16 ಮೆಗಾಹರ್ಟ್ಸ್ ಕ್ರಿಸ್ಟಲ್, 5 ವೋಲ್ಟ್ ಸಪ್ಲೈ. ಕರೆಂಟ್ ಪೂರ್ತಿ ಹೋಗಿ ಬಂದರೆ ತೊಂದರೆ ಇರಲಿಲ್ಲ. ಪಕ್ಕದ ತೋಟದ ಮೋಟರ್ ಶುರುವಾದಾಗ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತಲ್ಲ, ಆಗ ಬೋರ್ಡ್ ಹ್ಯಾಂಗ್ ಆಗುತ್ತಿತ್ತು. ಎರಡು ಸಲ ಈಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಮರೆಯದ ಮೆಮೊರಿ) ಬರೆದಿಟ್ಟ ಟೈಮರ್ ಸೆಟ್ಟಿಂಗೂ ಕೆಟ್ಟಿತು. ಅಪ್ಪ ರಾತ್ರಿ ಟಾರ್ಚ್ ಹಿಡಿದು ಪಂಪ್‌ಹೌಸಿಗೆ ಹೋಗಿ ಸ್ವಿಚ್ ಆರಿಸಿ ಹಾಕಬೇಕಿತ್ತು. ಹಾವು ಓಡಾಡುವ ದಾರಿ ಅದು. ಇದನ್ನು ಸರಿ ಮಾಡಲೇಬೇಕು ಅನ್ನಿಸಿತು.

ವೋಲ್ಟೇಜ್ ಕುಸಿದಾಗ ಚಿಪ್ಪನ್ನು ತಡೆದು ನಿಲ್ಲಿಸಿ, ಸರಿಯಾದ ಮೇಲೆ ಮೊದಲಿಂದ ಶುರು ಮಾಡಿಸುವುದೇ ರಿಸೆಟ್. ಮನೆಯ ಮೇಜಿನ ಮೇಲೆ ಮೂರು ಬಗೆಯ ರಿಸೆಟ್ ಕೂರಿಸಿ ನೋಡಿದೆ. ಆರ್ಡುಯಿನೊ ಎಂಬ ಇನ್ನೊಂದು ರೆಡಿಮೇಡ್ ಬೋರ್ಡಿನಿಂದ ಮಾಸ್‌ಫೆಟ್ (ಸ್ವಿಚ್ಚಿನಂತೆ ಬಳಸುವ ಟ್ರಾನ್ಸಿಸ್ಟರ್) ಓಡಿಸಿ, ಸಪ್ಲೈಯನ್ನು ಕೆಲವು ಮಿಲಿಸೆಕೆಂಡಿನಿಂದ ಅರ್ಧ ಸೆಕೆಂಡಿನವರೆಗೆ ಬೇರೆ ಬೇರೆ ಹೊತ್ತು ಕಡಿಯುತ್ತಾ ಹೋದೆ. ಬೋರ್ಡಿನಲ್ಲಿ ದೊಡ್ಡ ಕೆಪಾಸಿಟರ್ ಇರುವುದರಿಂದ ವೋಲ್ಟೇಜ್ ಬಹಳ ಸಲ ಸೊನ್ನೆಗೆ ಹೋಗದೆ 3 ವೋಲ್ಟ್ ಆಸುಪಾಸಿಗೆ ಇಳಿದು ಮತ್ತೆ ಏರುತ್ತಿತ್ತು. ತೋಟದಲ್ಲಿ ಆಗುವುದೂ ಇದೇ.

ಮೊದಲು ಆರ್‌ಸಿ, ಅಂದರೆ ರಿಸೆಟ್ ಪಿನ್ನಿಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ಈ ಪಿನ್ನಿನ ವೋಲ್ಟೇಜ್ ಕೆಳಗಿರುವಷ್ಟು ಹೊತ್ತು ಚಿಪ್ ನಿಂತಿರುತ್ತದೆ. ಎಲ್ಲರೂ ಕಲಿಯುವ 10 ಕಿಲೋ ಓಮ್, 100 ನ್ಯಾನೋಫ್ಯಾರಡ್ ಜೋಡಿ. ಎರಡನ್ನೂ ಗುಣಿಸಿದರೆ ಸಿಗುವ ತಡ 1 ಮಿಲಿಸೆಕೆಂಡ್. ಟ್ರಾನ್ಸ್‌ಫಾರ್ಮರ್ ಸಪ್ಲೈ ಮೇಲೇರಲು ಹತ್ತಾರು ಮಿಲಿಸೆಕೆಂಡ್ ಬೇಕು. ಅಂದರೆ ರಿಸೆಟ್ ಪಿನ್ ಸಪ್ಲೈ ಜೊತೆಗೇ ಏರಿಬಿಡುತ್ತದೆ, ತಡೆದು ನಿಲ್ಲಿಸುವ ಕೆಲಸ ಆಗುವುದೇ ಇಲ್ಲ. ಕೆಪಾಸಿಟರ್ 10 ಮೈಕ್ರೋಫ್ಯಾರಡ್ ಮಾಡಿದರೆ 100 ಮಿಲಿಸೆಕೆಂಡ್ ಸಿಗುತ್ತದೆ, ಆದರೆ ಅದು ಬೇಗ ಖಾಲಿಯಾಗುವುದಿಲ್ಲ. ಬೇಗ ಖಾಲಿಯಾಗಲಿ ಅಂತ ರೆಸಿಸ್ಟರ್ ಮೇಲೆ 1ಎನ್4148 ಡಯೋಡ್ ಹಾಕಿದೆ. ಸಪ್ಲೈ 3 ವೋಲ್ಟಿಗೆ ಇಳಿದಾಗ ಕೆಪಾಸಿಟರ್ ಸುಮಾರು 3.6 ವೋಲ್ಟಿನಲ್ಲಿ ನಿಂತುಬಿಟ್ಟಿತು. ರಿಸೆಟ್ ಆಗಲೇ ಇಲ್ಲ. ಇನ್ನೊಂದು ಮಾತು: ಈ ಚಿಪ್ಪಿನ ರಿಸೆಟ್ ಪಿನ್ ಸಪ್ಲೈನ 20ರಿಂದ 90 ಶೇಕಡಾದ ನಡುವೆ ಎಲ್ಲಿ ಬೇಕಾದರೂ ಸ್ಥಿತಿ ಬದಲಿಸಬಹುದು ಅಂತ ತಯಾರಕರ ಡೇಟಾಶೀಟೇ ಹೇಳುತ್ತದೆ. ಅಷ್ಟು ಸಡಿಲವಾದ ಗೆರೆಯನ್ನು ನಂಬಿ ಟೈಮಿಂಗ್ ಲೆಕ್ಕ ಹಾಕುವುದು ಹೇಗೆ?

ಎರಡನೆಯದು ಚಿಪ್ಪಿನೊಳಗೇ ಇರುವ ಬ್ರೌನ್‌ಔಟ್ ಡಿಟೆಕ್ಟರ್: ಸಪ್ಲೈ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ತಾನೇ ರಿಸೆಟ್ ಮಾಡುತ್ತದೆ. ಹೊರಗಿನ ಭಾಗ ಬೇಡ, ಜಾಸ್ತಿ ಖರ್ಚಿಲ್ಲ, ಫ್ಯೂಸ್ (ಕರೆಂಟಿನ ಫ್ಯೂಸ್ ಅಲ್ಲ, ಚಿಪ್ಪಿನೊಳಗಿನ ಸೆಟ್ಟಿಂಗ್ ಬಿಟ್‌ಗಳು) ಬದಲಿಸಿದರೆ ಸಾಕು. 1.8, 2.7, 4.3 ವೋಲ್ಟ್ ಎಂಬ ಮೂರು ಮಟ್ಟಗಳಿವೆ. ಇದೇ ಚಿಪ್ ಇರುವ ಆರ್ಡುಯಿನೊ ಊನೊ ಬೋರ್ಡ್ ಬರುವಾಗಲೇ 2.7ಕ್ಕೆ ಹೊಂದಿಸಿರುತ್ತದೆ. ಬಹಳ ಜನ ಎಡವುವುದು ಇಲ್ಲೇ. 16 ಮೆಗಾಹರ್ಟ್ಸ್‌ನಲ್ಲಿ ಓಡಲು ಈ ಚಿಪ್ಪಿಗೆ ಸುಮಾರು 3.8 ವೋಲ್ಟ್ ಬೇಕು. ಹಾಗಾದರೆ 2.7ರಿಂದ 3.8ರ ನಡುವೆ ಅದು ತಪ್ಪು ಮಾಡಲು ಬಾಗಿಲು ತೆರೆದೇ ಇರುತ್ತದೆ, ಅಲ್ವಾ? ನನ್ನ ಈಪ್ರಾಮ್ ಕೆಟ್ಟಿದ್ದೂ ಅಲ್ಲೇ ಅಂತ ನನ್ನ ನಂಬಿಕೆ. ಎಕ್ಸ್‌ಟೆಂಡೆಡ್ ಫ್ಯೂಸಿನ ಕೊನೆಯ ಮೂರು ಬಿಟ್ 101 ಇದ್ದದ್ದನ್ನು 100 ಮಾಡಿ 4.3 ವೋಲ್ಟಿಗೆ ತಂದೆ. ಅವತ್ತು ರಾತ್ರಿಯಿಡೀ ಸಪ್ಲೈ ಕಡಿಯುತ್ತಲೇ ಇದ್ದರೂ ಬೋರ್ಡ್ ಹ್ಯಾಂಗ್ ಆಗಲಿಲ್ಲ, ಸೆಟ್ಟಿಂಗೂ ಉಳಿಯಿತು. ಬೆಳಗ್ಗೆ ನೋಡಿ ತುಂಬಾ ಖುಷಿಯಾಯಿತು.

ಒಂದೇ ಕೊರತೆ. ಈ 4.3 ಅನ್ನುವುದು ಚಿಪ್ಪಿನಿಂದ ಚಿಪ್ಪಿಗೆ 4.1ರಿಂದ 4.5ರವರೆಗೆ ಓಡಾಡುತ್ತದೆ. ನನ್ನ ಒಂದು ಬೋರ್ಡಿನಲ್ಲಿ ಮೋಟರ್ ಹಾಕುವ ರಿಲೇ (ವಿದ್ಯುತ್ತಿನಿಂದ ಓಡುವ ಸ್ವಿಚ್) ಎಳೆದುಕೊಂಡಾಗ ಸಪ್ಲೈ 4.4ಕ್ಕೆ ಇಳಿದು ಸುಮ್ನೆ ರಿಸೆಟ್ ಆಗುತ್ತಿತ್ತು. ಸಪ್ಲೈ ಗಟ್ಟಿ ಮಾಡುವುದೇ ಸರಿಯಾದ ಮದ್ದು. ಆದರೆ ಪಂಪ್‌ಹೌಸಿನ ಹಳೆಯ ಟ್ರಾನ್ಸ್‌ಫಾರ್ಮರ್ ಬದಲಿಸುವ ಸ್ಥಿತಿ ಇರಲಿಲ್ಲ.

ಹಾಗಾಗಿ ಮೂರನೆಯದು, ಮ್ಯಾಕ್ಸ್809ಜೆ. ಸಪ್ಲೈ ಮೇಲೆ ಕಣ್ಣಿಟ್ಟು ರಿಸೆಟ್ ಕೊಡುವ, ಮೂರು ಕಾಲಿನ ಪುಟ್ಟ ಸೂಪರ್‌ವೈಸರ್ ಚಿಪ್. ಇದರ ಗೆರೆ 4.00 ವೋಲ್ಟ್, ಅಂದರೆ 3.8ಕ್ಕಿಂತ ಮೇಲೆ, ರಿಲೇ ಕುಸಿತಕ್ಕಿಂತ ಕೆಳಗೆ. ಸಪ್ಲೈ ಸರಿಯಾದ ಮೇಲೂ ಕನಿಷ್ಠ 140 ಮಿಲಿಸೆಕೆಂಡ್ ಚಿಪ್ಪನ್ನು ಹಿಡಿದಿಟ್ಟು ಆಮೇಲೆ ಬಿಡುತ್ತದೆ. ನನ್ನ ತೋಟಕ್ಕೆ ಒಗ್ಗಿದ್ದು ಇದು.

ಜೋಡಿಸುವಾಗ ಒಂದು ಎಚ್ಚರಿಕೆ. ಇದರ ಔಟ್‌ಪುಟ್ ಪುಷ್‌ಪುಲ್, ಅಂದರೆ ಪಿನ್ನನ್ನು ಮೇಲಕ್ಕೂ ಕೆಳಕ್ಕೂ ತಾನೇ ಎಳೆಯುತ್ತದೆ. ಪ್ರೋಗ್ರಾಮರ್ (ಚಿಪ್ಪಿಗೆ ಪ್ರೋಗ್ರಾಂ ತುಂಬುವ ಸಾಧನ) ರಿಸೆಟ್ ಪಿನ್ ಕೆಳಗೆಳೆದರೆ ಇದು ಮೇಲಕ್ಕೆಳೆಯುತ್ತದೆ. ನಾನು ನಡುವೆ 2.2 ಕಿಲೋ ಓಮ್ ಹಾಕಿದೆ, ಪಿನ್ನನ್ನು ಸಪ್ಲೈಗೆ ಎಳೆದಿಡುವ ಹಳೆಯ 10 ಕಿಲೋ ಪುಲ್‌ಅಪ್ ರೆಸಿಸ್ಟರ್ ತೆಗೆದೆ. ಎರಡೂ ಇದ್ದರೆ ಪಿನ್ ಪೂರ್ತಿ ಕೆಳಗಿಳಿಯುವುದಿಲ್ಲ. ಓಪನ್ ಡ್ರೈನ್ (ಕೆಳಕ್ಕೆ ಮಾತ್ರ ಎಳೆಯುವ) ಔಟ್‌ಪುಟ್ ಇರುವ ಮ್ಯಾಕ್ಸ್803 ಸಿಕ್ಕರೆ ಈ ರಗಳೆಯೇ ಇಲ್ಲ. ರಿಲೇ ಟ್ರಾನ್ಸಿಸ್ಟರಿನ ಬೇಸಿಗೆ ಪುಲ್‌ಡೌನ್ (ಕೆಳಕ್ಕೆ ಎಳೆದಿಡುವ ರೆಸಿಸ್ಟರ್) ಹಾಕುವುದನ್ನೂ ಮರೆಯಬೇಡಿ. ರಿಸೆಟ್‌ನಲ್ಲಿ ಪಿನ್‌ಗಳೆಲ್ಲ ತೇಲುತ್ತಿರುತ್ತವೆ, ಮೋಟರಿನ ದೊಡ್ಡ ಸ್ವಿಚ್ ಆದ ಕಾಂಟ್ಯಾಕ್ಟರ್ ತಾನೇ ಬಡಿದುಕೊಂಡೀತು.

ಒಳಗಿನ ಬ್ರೌನ್‌ಔಟನ್ನು 4.3ರಿಂದ ಮತ್ತೆ 2.7ಕ್ಕೆ ತಂದು ಉಳಿಸಿದ್ದೇನೆ, ಹಿಂದೊಂದು ಕಾವಲು ಇರಲಿ ಅಂತ. ಹಳೆಯ ಎಟಿ89ಎಸ್52 ಚಿಪ್ ಬಳಸುವವರಿಗೆ ಮಾತ್ರ ಈ ಆಯ್ಕೆ ಇಲ್ಲ. ಅದರೊಳಗೆ ಬ್ರೌನ್‌ಔಟ್ ಡಿಟೆಕ್ಟರ್ ಇಲ್ಲ, ರಿಸೆಟ್ ಕೂಡ ಉಲ್ಟಾ, ಪಿನ್ ಮೇಲೇರಿದಾಗ ಆಗುತ್ತದೆ. ಅಲ್ಲಿ ರಿಸೆಟ್ ಮೇಲಕ್ಕೆ ಕೊಡುವ ಮ್ಯಾಕ್ಸ್810 ಹಾಕಿ.